ಸಿನಿಮಾದಿಂದ ಹುಟ್ಟಿದ ಆಟವನ್ನೂ ಆಡಿ ನೋಡಿ ಅಳೆಯಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ವಿಡಿಯೊ ಗೇಮ್ ಕುರಿತ ಲೇಖನವನ್ನು ಎರಡು ಸಲ ಓದಿದೆ. ಮಕ್ಕಳು ಮೊಬೈಲ್ ಹಿಡಿದು ಕಳೆಯುವ ಹೊತ್ತಿನ ಬಗ್ಗೆ ಲೇಖಕರು ತೋರಿಸಿರುವ ಕಳವಳ ನನ್ನದೂ ಹೌದು. ಆದರೆ ಲೇಖನದ ಕೊನೆಗೆ ಬರುವಾಗ ಅವರು, ಸಿನಿಮಾಗಳನ್ನು ಆಧರಿಸಿ ಬಂದ ಹಳೆಯ ಆಟಗಳೆಲ್ಲ ಸಿನಿಮಾದ ಹೆಸರನ್ನು ಮಾರಿಕೊಳ್ಳಲು ತರಾತುರಿಯಲ್ಲಿ ಕಟ್ಟಿದ ಸರಕು, ಅವುಗಳಲ್ಲಿ ನೆನಪಿಡುವಂಥದ್ದು ಒಂದೂ ಇಲ್ಲ ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟು ಮುಗಿಸಿದ್ದಾರೆ. ಈ ಮಾತನ್ನು ಒಪ್ಪಲು ನನ್ನಿಂದ ಆಗಲಿಲ್ಲ. ಅಂಥದೇ ಒಂದು ಆಟವನ್ನು ಮೂವತ್ತು ವರ್ಷಗಳ ಬಳಿಕ ಮತ್ತೆ ಕೈಗೆತ್ತಿಕೊಂಡು, ಎರಡು ತಿಂಗಳ ರಜಾದಿನಗಳನ್ನೆಲ್ಲ ಕೊಟ್ಟು, ಮೊದಲ ಹಂತದಿಂದ ಕೊನೆಯವರೆಗೆ ಆಡಿ ಮುಗಿಸಿದ ಹೊಸತರಲ್ಲೇ ಆ ಲೇಖನ ಕಣ್ಣಿಗೆ ಬಿತ್ತು. ಆದ್ದರಿಂದ ಈ ಪತ್ರ.

ಲೇಖಕರು ಉದಾಹರಣೆಯಾಗಿ ಕೊಟ್ಟಿರುವುದು 1982ರಲ್ಲಿ, ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಯಂತ್ರಕ್ಕೆ, ಅದೇ ಹೆಸರಿನ ಸಿನಿಮಾ ಆಧರಿಸಿ ಬಂದ ‘ಇ.ಟಿ.’ ಆಟವನ್ನು. ಆ ಆಟ ಸೋತದ್ದು ನಿಜ. ಮಾರಾಟವಾಗದೆ ಉಳಿದ ಪ್ರತಿಗಳು 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಎಂಬಲ್ಲಿ ಕಸದ ಗುಂಡಿ ಸೇರಿದ್ದೂ, 2014ರಲ್ಲಿ ಆ ಗುಂಡಿಯನ್ನು ಅಗೆದು ಅವನ್ನು ಹೊರತೆಗೆದದ್ದೂ ನಿಜ. ಆದರೆ ಅದನ್ನು ರೂಪಿಸಿದ ಹೋವರ್ಡ್ ಸ್ಕಾಟ್ ವಾರ್ಷಾ ಅವರಿಗೆ ಸಿಕ್ಕಿದ್ದ ಸಮಯ ಸುಮಾರು ಐದು ವಾರ ಮಾತ್ರ ಎಂಬುದನ್ನು ಲೇಖಕರು ಹೇಳಿಲ್ಲ. ಕ್ರಿಸ್‌ಮಸ್ ಮಾರಾಟಕ್ಕೆ ಆಟ ಅಂಗಡಿ ತಲುಪಲೇಬೇಕು ಎಂಬ ಹಟ ಕಂಪನಿಯದಾಗಿತ್ತು. ಅದೇ ವಾರ್ಷಾ ಅವರು ಅದೇ ಯಂತ್ರಕ್ಕೆ ಮಾಡಿದ ‘ಯಾರ್ಸ್ ರಿವೆಂಜ್’ ಇಂದಿಗೂ ಮೆಚ್ಚುಗೆ ಪಡೆಯುತ್ತಿದೆ. ಅಂದಮೇಲೆ ತಪ್ಪು ಗಡುವಿನದೇ ಹೊರತು ಸಿನಿಮಾದ ಕಥೆಯಿಂದ ಆಟ ಹುಟ್ಟಿತೆಂಬುದರದಲ್ಲ. ಒಂದು ಬೆಳೆ ಕೆಟ್ಟಿತೆಂದು ಗದ್ದೆಯನ್ನೇ ಬಂಜರು ಎನ್ನುವುದು ಸರಿಯಲ್ಲ.

ನಾನು ಹೇಳಹೊರಟಿರುವುದು ‘ಬ್ಯಾಟ್‌ಮ್ಯಾನ್’ ಆಟದ ವಿಷಯ. ಟಿಮ್ ಬರ್ಟನ್ ನಿರ್ದೇಶನದ, ಮೈಕೆಲ್ ಕೀಟನ್ ಮತ್ತು ಜ್ಯಾಕ್ ನಿಕಲ್ಸನ್ ಅಭಿನಯದ ಆ ಹೆಸರಿನ ಸಿನಿಮಾ 1989ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಗೆ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ಸನ್‌ಸಾಫ್ಟ್ ಸಂಸ್ಥೆ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಈ ಆಟವನ್ನು ಹೊರತಂದಿತು. ಅಮೆರಿಕದ ಅಂಗಡಿಗಳಿಗೆ ಅದು 1990ರ ಆರಂಭದಲ್ಲಿ ಬಂತು. ಫ್ಯಾಮಿಕಾಮ್ ಯಂತ್ರ ನಮ್ಮ ಮುಂಬೈಗೆ ನೇರವಾಗಿ ಬರಲಿಲ್ಲ. ಅದರ ನಕಲುಗಳು ‘ಟಿವಿ ಗೇಮ್’ ಎಂಬ ಒಂದೇ ಹೆಸರಿನಲ್ಲಿ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತಿದ್ದವು. ತೊಂಬತ್ತರ ದಶಕದಲ್ಲಿ ಈ ಊರಿನಲ್ಲಿ ಬೆಳೆದವರಿಗೆ ಆ ಡಬ್ಬಿಯನ್ನು ವಿವರಿಸಬೇಕಾಗಿಲ್ಲ.

ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ನನ್ನ ತಂದೆಯವರು ಗಲ್ಲಾದಲ್ಲಿ ಕೂರುತ್ತಿದ್ದರು. ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಕೆಲಸದವರು ಮಲಗುತ್ತಿದ್ದರು, ಅಲ್ಲೊಂದು ಚಿಕ್ಕ ಟಿವಿ ಇತ್ತು. ಕುಂದಾಪುರದ ಕಡೆಯಿಂದ ಬಂದಿದ್ದ ಒಬ್ಬ ಸಪ್ಲೈಯರ್, ನಾನು ಅಣ್ಣ ಎಂದೇ ಕರೆಯುತ್ತಿದ್ದವರು, ಹಗಲಿಡೀ ದುಡಿದು, ಸಂಜೆ ಮುಂಬೈಯ ಕೋಟೆ (ಫೋರ್ಟ್) ಬಡಾವಣೆಯ ಕಡೆಯ ಕನ್ನಡ ರಾತ್ರಿ ಶಾಲೆಗೆ ಹೋಗಿ, ಷಟರ್ ಎಳೆಯುವ ಹೊತ್ತಿಗೆ ಮರಳಿ ಬರುತ್ತಿದ್ದರು. ಶನಿವಾರದ ರಾತ್ರಿ ಆಟದ ಸರದಿ. ಮೊದಲ ಹಂತದಲ್ಲಿ ಎರಡು ಎತ್ತರದ ಗೋಡೆಗಳ ನಡುವೆ ಸಿಕ್ಕಿಕೊಂಡು ಮೇಲೇರಲಾರದೆ ನಾನು ಒದ್ದಾಡುತ್ತಿದ್ದಾಗ ಅವರು ನನ್ನ ಕೈಯನ್ನು ಗುಂಡಿಯ ಮೇಲೆ ಒತ್ತಿ ಹಿಡಿದು, “ಗ್ವಾಡಿ ಮುಟ್ಟಿದ್ ಕೂಡ್ಲೆ ಒತ್ಕ್ ಮಾರಾಯ” ಎಂದಿದ್ದರು. ಆಟದ ಜೀವಾಳವಿರುವುದು ಆ ಒಂದು ಮಾತಿನಲ್ಲೇ ಎಂದು ಈಗ ಅರ್ಥವಾಗುತ್ತಿದೆ.

ಈ ಆಟದ ಬ್ಯಾಟ್‌ಮ್ಯಾನ್ ಜಿಗಿದು ಗೋಡೆಯನ್ನು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಮತ್ತೆ ಗುಂಡಿ ಒತ್ತಿದರೆ ಗೋಡೆಗೆ ಕಾಲು ಕೊಟ್ಟು ಎದುರು ದಿಕ್ಕಿಗೆ ಚಿಮ್ಮುತ್ತಾನೆ. ಎದುರಿಗೆ ಇನ್ನೊಂದು ಗೋಡೆಯಿದ್ದರೆ ಅಲ್ಲಿಂದ ಮತ್ತೆ ಇತ್ತ. ಗುಂಡಿಯನ್ನು ಎಷ್ಟು ಹೊತ್ತು ಅದುಮಿ ಹಿಡಿಯುತ್ತೇವೆ ಎಂಬುದರ ಮೇಲೆ ಜಿಗಿತದ ಎತ್ತರ ನಿಂತಿದೆ. ಒಂದು ವರ್ಷ ಮೊದಲು, 1988ರಲ್ಲಿ, ಟೆಕ್ಮೊ ಸಂಸ್ಥೆಯ ‘ನಿಂಜಾ ಗೈಡನ್’ ಆಟದಲ್ಲಿ ನಾಯಕ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ, ಅಲ್ಲಿ ಯೋಚಿಸಲು ಸಮಯವಿತ್ತು. ಇಲ್ಲಿ ಅಂಟಿಕೊಳ್ಳುವುದೆಂಬುದಿಲ್ಲ. ಮುಟ್ಟಿದ ಕ್ಷಣ ತಪ್ಪಿದರೆ ಕೆಳಗೆ ಬೀಳುವುದೇ. ಇಡೀ ಆಟದ ಐದೂ ಹಂತಗಳನ್ನು ಈ ಒಂದು ಚಲನೆಯನ್ನು ಕಲಿಸಲು, ಪರೀಕ್ಷಿಸಲು, ಮತ್ತೆ ಕಷ್ಟಪಡಿಸಿ ಪರೀಕ್ಷಿಸಲು ಕಟ್ಟಿದ್ದಾರೆ. ಮೊದಲ ಹಂತದಲ್ಲಿ ಬಿದ್ದರೂ ನೆಲ ಸಿಗುತ್ತದೆ. ಎರಡನೆಯ ಹಂತವಾದ ಆಕ್ಸಿಸ್ ರಾಸಾಯನಿಕ ಕಾರ್ಖಾನೆಗೆ ಬರುವಾಗ ಬೀಳುವ ಜಾಗವೇ ಅಪಾಯದ್ದಾಗುತ್ತದೆ. ಐದನೆಯ ಹಂತದ ಚರ್ಚಿನ ಗೋಪುರದಲ್ಲಿ ತಿರುಗುವ ಹಲ್ಲುಚಕ್ರಗಳ ನಡುವಿನ ಇಕ್ಕಟ್ಟಿನಲ್ಲಿ, ಚಕ್ರ ಸೋಕದಂತೆ, ಅದೇ ಜಿಗಿತವನ್ನು ಮೇಲಿಂದ ಮೇಲೆ ಮಾಡಬೇಕು. ಆ ಚಕ್ರಗಳ ಜಾಗವನ್ನು ದಾಟಲು ನನಗೆ ಈ ಸಲ ಮೂರು ಭಾನುವಾರ ಹಿಡಿಯಿತು. ಒಮ್ಮೆಯೂ ಆಟ ನನಗೆ ಮೋಸ ಮಾಡಿತು ಎನಿಸಲಿಲ್ಲ. ಬಿದ್ದಾಗಲೆಲ್ಲ ನನ್ನ ಬೆರಳು ತಡವಾದದ್ದು ನನಗೇ ಗೊತ್ತಾಗುತ್ತಿತ್ತು. ತರಾತುರಿಯಲ್ಲಿ ಕಟ್ಟಿದ ಸರಕಿನಲ್ಲಿ ಈ ನ್ಯಾಯ ಇರುವುದಿಲ್ಲ.

ಯಂತ್ರದ ಬಡತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 8 ಬಿಟ್‌ನ ಪ್ರೊಸೆಸರ್, ಕೆಲಸಕ್ಕೆ ಕೇವಲ 2 ಕಿಲೊಬೈಟ್ ಮೆಮೊರಿ, ಪರದೆಯ ಮೇಲೆ ಒಂದು ಸಲಕ್ಕೆ ಚಲಿಸುವ 64 ಚಿತ್ರತುಣುಕುಗಳು, ಅದರಲ್ಲೂ ಒಂದೇ ಅಡ್ಡಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಬಂದರೆ ಕೆಲವು ಮಾಯವಾಗುತ್ತವೆ. ಹಳೆಯ ಆಟಗಳಲ್ಲಿ ಗುಂಪು ಸೇರಿದಾಗ ವೈರಿಗಳು ಮಿಣುಕುವುದು ಇದೇ ಕಾರಣಕ್ಕೆ. ಒಂದೊಂದು ಚಿತ್ರತುಣುಕಿಗೆ ಮೂರೇ ಬಣ್ಣ. ನನ್ನ ಜೊತೆ ಕೂತು ಆಡುತ್ತಿದ್ದ ಹದಿನಾಲ್ಕು ವರ್ಷದ ಮಗಳು ಮೊದಲ ದಿನವೇ, “ಅಪ್ಪಾ, ಬ್ಯಾಟ್‌ಮ್ಯಾನ್ ಕಪ್ಪಲ್ವಾ, ಇವನ್ಯಾಕೆ ನೇರಳೆ?” ಎಂದು ಕೇಳಿದಳು. ಟಿವಿಯ ಹತ್ತಿರ ಹೋಗಿ ಇಬ್ಬರೂ ನೋಡಿದೆವು. ಹಿನ್ನೆಲೆ ಬಹುಪಾಲು ಕಗ್ಗತ್ತಲು. ಅದರ ಮುಂದೆ ಕಪ್ಪು ವೇಷದ ನಾಯಕನನ್ನು ನಿಲ್ಲಿಸಿದರೆ ಕಾಣುವುದೇ ಇಲ್ಲ. ಆದ್ದರಿಂದಲೇ ಮೈಯ ಏರುಗಳಿಗೆ ನೇರಳೆ ಬಳಿದು, ನೆರಳಿನ ಭಾಗವನ್ನು ಹಿನ್ನೆಲೆಯ ಕತ್ತಲಿಗೇ ಬಿಟ್ಟುಕೊಟ್ಟಿದ್ದಾರೆ ಎಂದು ನನಗೆ ತೋರಿತು. ಇಲ್ಲದ ಬಣ್ಣಕ್ಕಾಗಿ ಕೊರಗದೆ ಇರುವ ಕತ್ತಲನ್ನೇ ಬಣ್ಣವಾಗಿ ಬಳಸಿಕೊಂಡ ಜಾಣ್ಮೆ ಇದು. ಸಂಗೀತದ ಮಾತೂ ಹೀಗೆಯೇ. ಐದೇ ಧ್ವನಿಮಾರ್ಗಗಳಿರುವ ಆ ಯಂತ್ರದಿಂದ ನವೋಕಿ ಕೊಡಾಕಾ ಅವರು ಹೊರಡಿಸಿದ ಮೊದಲ ಹಂತದ ರಾಗ ಮೂವತ್ತು ವರ್ಷ ನನ್ನ ತಲೆಯಲ್ಲಿ ಉಳಿದಿತ್ತು. ಟಿವಿ ಹಚ್ಚಿದಾಗ ಮುಂದಿನ ಸ್ವರ ಯಾವುದೆಂದು ಮನಸ್ಸಿಗೆ ಮೊದಲೇ ಗೊತ್ತಿತ್ತು. ಸಿನಿಮಾಕ್ಕೆ ಡ್ಯಾನಿ ಎಲ್ಫ್‌ಮನ್ ಕೊಟ್ಟ ಸಂಗೀತಕ್ಕೂ ಇದಕ್ಕೂ ಹೋಲಿಕೆ ಇಲ್ಲ, ಇದು ಬೇರೆಯೇ ಓಟದ ಸಂಗೀತ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸಿನಿಮಾಕ್ಕೂ ಈ ಆಟಕ್ಕೂ ಇರುವ ನಂಟು ಎಂಥದ್ದು? ಸಿನಿಮಾದ ಕಥೆಯನ್ನು ದೃಶ್ಯದಿಂದ ದೃಶ್ಯಕ್ಕೆ ಒಪ್ಪಿಸುವ ಗೋಜಿಗೆ ಆಟ ಹೋಗುವುದಿಲ್ಲ. ಹಂತಗಳ ನಡುವೆ ಸಿನಿಮಾದ ಕೆಲವು ಚಿತ್ರಗಳು ಬಂದು ಎರಡು ಮಾತಾಡಿ ಹೋಗುತ್ತವೆ, ಅಷ್ಟೇ. ಆದರೆ ಕಲಾ ನಿರ್ದೇಶನಕ್ಕಾಗಿ ಆಂಟನ್ ಫರ್ಸ್ಟ್ ಮತ್ತು ಪೀಟರ್ ಯಂಗ್ ಅವರಿಗೆ ಆಸ್ಕರ್ ತಂದುಕೊಟ್ಟ ಬ್ಯಾಟ್‌ಮ್ಯಾನ್‌ನ ಊರಾದ ಆ ಗಾಥಮ್ ನಗರವಿದೆಯಲ್ಲ, ತಲೆ ಎತ್ತಿದಷ್ಟೂ ಮುಗಿಯದ ಗೋಡೆಗಳ, ಕೊಳವೆಗಳ, ಆಕಾಶ ಕಾಣದ ಊರು, ಅದನ್ನು ಆಟ ಕಥೆಯಾಗಿ ಹೇಳದೆ ಆಡುವವನ ಬೆರಳಿಗೆ ದಾಟಿಸಿದೆ. ಗೋಡೆಗಳೇ ತುಂಬಿದ ಊರಿನಲ್ಲಿ ಗೋಡೆಯಿಂದ ಗೋಡೆಗೆ ಜಿಗಿಯುವುದೇ ಬದುಕುವ ದಾರಿಯಾಗುತ್ತದೆ. ಸಿನಿಮಾದ ಕೊನೆಯ ಏರು ಚರ್ಚಿನ ಗಂಟೆಗೋಪುರಕ್ಕೆ. ಆಟದ ಕೊನೆಯ ಏರೂ ಅಲ್ಲಿಗೇ. ಸಿನಿಮಾ ನೋಡುವಾಗ ನಾಯಕ ಏರಿದ್ದನ್ನು ಕಂಡಿದ್ದೆ, ಆಟದಲ್ಲಿ ಆ ಗೋಪುರದ ಎತ್ತರ ಎಷ್ಟೆಂದು ನನ್ನ ಹೆಬ್ಬೆರಳಿಗೆ ಗೊತ್ತಾಯಿತು.

ಇದು ನಮಗೆ ಹೊಸ ವಿಚಾರವೇನೂ ಅಲ್ಲ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬಂದಾಗ ಸಭಾಂಗಣ ತುಂಬುವ ಓದುಗರು ತಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಹಾಭಾರತದ ಒಂದು ಘಟನೆಯನ್ನು ಎತ್ತಿಕೊಂಡು ಕವಿ ಪ್ರಸಂಗ ಕಟ್ಟುತ್ತಾನೆ, ಭಾಗವತರು ಹಾಡುತ್ತಾರೆ, ವೇಷಧಾರಿ ತನ್ನ ಕುಣಿತ ಮತ್ತು ಅರ್ಥದಿಂದ ಅದನ್ನು ಬೆಳೆಸುತ್ತಾನೆ. ಕಥೆ ಮೊದಲೇ ಗೊತ್ತಿತ್ತೆಂದು, ಮೂಲ ಬೇರೆಯವರದೆಂದು ಯಾರೂ ಪ್ರಸಂಗವನ್ನು ಎರವಲು ಮಾಲು ಎನ್ನುವುದಿಲ್ಲ. ಅಂದಿನ ರಾತ್ರಿ ರಂಗಸ್ಥಳದಲ್ಲಿ ಏನು ಕಂಡಿತು ಎಂಬುದನ್ನು ನೋಡಿ ಮಾತಾಡುತ್ತೇವೆ. ಒಂದೇ ಸಿನಿಮಾದಿಂದ ಎಷ್ಟು ಬಗೆಯ ಆಟ ಹುಟ್ಟಬಹುದು ಎಂಬುದಕ್ಕೂ ‘ಬ್ಯಾಟ್‌ಮ್ಯಾನ್’ ಸಾಕ್ಷಿ. ಬ್ರಿಟನ್ನಿನ ಓಷನ್ ಸಂಸ್ಥೆ ಮನೆ ಕಂಪ್ಯೂಟರುಗಳಿಗೆ ಬೇರೊಂದು ಆಟ ಮಾಡಿತು; ಸನ್‌ಸಾಫ್ಟ್ ಸಂಸ್ಥೆಯೇ ಕೈಯಲ್ಲಿ ಹಿಡಿಯುವ ಗೇಮ್ ಬಾಯ್‌ಗೆ ಮಾಡಿದ ಆಟದಲ್ಲಿ ನಾಯಕ ಬಂದೂಕಿನಂಥ ಆಯುಧ ಹಿಡಿದು ಓಡುತ್ತಾನೆ, ಅದು ನನಗೆ ಅಷ್ಟಾಗಿ ಒಗ್ಗಲಿಲ್ಲ. 1993ರಲ್ಲಿ ‘ಅಲ್ಲಾದೀನ್’ ಸಿನಿಮಾಕ್ಕೆ ಸೆಗಾ ಯಂತ್ರದಲ್ಲಿ ಒಂದು, ಸೂಪರ್ ನಿಂಟೆಂಡೊ ಯಂತ್ರದಲ್ಲಿ ಇನ್ನೊಂದು ಆಟ ಬಂದಾಗಲೂ ಹೀಗೆಯೇ ಆಯಿತು. ಮೊದಲನೆಯದಕ್ಕೆ ಡಿಸ್ನಿಯ ಚಿತ್ರಕಾರರೇ ಚಿತ್ರ ಬರೆದುಕೊಟ್ಟಿದ್ದರು. ಎರಡನ್ನೂ ಆಡಿದವರು ಎರಡರ ನಡುವಿನ ವ್ಯತ್ಯಾಸವನ್ನು ಎರಡು ಮೇಳಗಳ ಅಭಿಮಾನಿಗಳಂತೆ ವಾದಿಸುತ್ತಾರೆ. ಎಲ್ಲವೂ ಒಂದೇ ಬಗೆಯ ಸರಕಾಗಿದ್ದರೆ ಈ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಆಟದ ಕುಂದುಗಳನ್ನು ನಾನು ಮುಚ್ಚಿಡುವುದಿಲ್ಲ. ಮೊದಲ ಹಂತದ ಕೊನೆಗೆ ಎದುರಾಗುವ ಕಿಲ್ಲರ್ ಮಾತ್ ಸಿನಿಮಾದಲ್ಲಿ ಎಲ್ಲೂ ಇಲ್ಲ, ಅವನು ಕಾಮಿಕ್ಸ್ ಪುಸ್ತಕಗಳಿಂದ ಬಂದವನು. ಮೂರು ಮತ್ತು ನಾಲ್ಕನೆಯ ಹಂತಗಳು ಸಿನಿಮಾದ ಯಾವ ಜಾಗವೆಂದು ಹೇಳುವುದು ಕಷ್ಟ, ಕೇವಲ ದೂರವನ್ನು ಹೆಚ್ಚಿಸಲು ಸೇರಿಸಿದಂತಿವೆ. ಕೊನೆಯಲ್ಲಿ ಎದುರಾಗುವ ಖಳನಾಯಕ ಜೋಕರ್ ಸಿಡಿಲನ್ನು ಕರೆದು ಬೀಳಿಸುತ್ತಾನೆ. ಅಷ್ಟು ಹೊತ್ತು ಮನುಷ್ಯರ ಲೋಕದಲ್ಲಿದ್ದ ಆಟ ಅಲ್ಲಿ ಇದ್ದಕ್ಕಿದ್ದಂತೆ ಮಾಟಮಂತ್ರಕ್ಕೆ ಇಳಿದುಬಿಡುತ್ತದೆ. ‘ಸ್ಟಾರ್ಟ್’ ಗುಂಡಿ ಒತ್ತಿದರೆ ಆಟ ನಿಲ್ಲುವುದರ ಬದಲು ಆಯುಧ ಬದಲಾಗುತ್ತದೆ, ನಿಲ್ಲಿಸಲು ‘ಸೆಲೆಕ್ಟ್’ ಒತ್ತಬೇಕು. ಮನೆಗೆ ಯಾರೋ ಬಂದರೆಂದು ಗಾಬರಿಯಲ್ಲಿ ‘ಸ್ಟಾರ್ಟ್’ ಒತ್ತಿ ನಾನು ಎಷ್ಟು ಸಲ ಸೋತಿದ್ದೇನೋ ಲೆಕ್ಕವಿಲ್ಲ. ಈ ಕುಂದುಗಳನ್ನು ಎತ್ತಿ ಹೇಳಿದ ವಿಮರ್ಶೆಯಾಗಿದ್ದರೆ ನಾನು ಲೇಖಕರಿಗೆ ಕೃತಜ್ಞನಾಗಿರುತ್ತಿದ್ದೆ.

ಆಟವನ್ನು ಮತ್ತೆ ಆಡುವುದು ಎಷ್ಟು ಪ್ರಯಾಸದ ಕೆಲಸವಾಯಿತು ಎಂಬುದನ್ನೂ ಹೇಳಬೇಕು, ಏಕೆಂದರೆ ನನ್ನ ವಾದದ ಇನ್ನೊಂದು ಭಾಗ ಅಲ್ಲಿದೆ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಇಳಿದು ಲ್ಯಾಮಿಂಗ್ಟನ್ ರಸ್ತೆಯುದ್ದಕ್ಕೂ ಕೇಳಿಕೊಂಡು ಹೋದೆ. ಒಂದು ಅಂಗಡಿಯವರು ಬ್ಯಾಟ್‌ಮ್ಯಾನ್ ಚಿತ್ರ ಅಂಟಿಸಿದ ಕ್ಯಾಸೆಟ್ ಕೊಟ್ಟರು, ಮನೆಗೆ ತಂದು ಹಾಕಿದರೆ ಒಳಗೆ ಕಾರಿನ ಆಟ. ಕೊನೆಗೆ ಹಳೆಯ ಸಾಮಾನು ರಿಪೇರಿ ಮಾಡುವ ಒಬ್ಬರ ಬಳಿ ನಿಜವಾದದ್ದು ಸಿಕ್ಕಿತು. ಮುಂಬೈಯ ಮಳೆಗಾಲದ ತೇವ ಕುಡಿದು ಅದರ ಅರವತ್ತು ಲೋಹದ ಪಟ್ಟಿಗಳ ಮೇಲೆ ಹಸಿರು ಮಿಶ್ರಿತ ಮಸಿ ಕಟ್ಟಿತ್ತು. ಚಿಕ್ಕಂದಿನಲ್ಲಿ ನಾವೆಲ್ಲ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಹಾಕುತ್ತಿದ್ದೆವು. ಬಾಯಿಯ ತೇವದಿಂದ ಆ ಪಟ್ಟಿಗಳು ಇನ್ನಷ್ಟು ಕೆಡುತ್ತವೆ ಎಂದು ಅವರು ತಿಳಿಸಿ, ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒಂದೊಂದು ಪಟ್ಟಿಯನ್ನೂ ಒರೆಸಿ ತೋರಿಸಿದರು. ಆರನೆಯ ಕಡ್ಡಿ ಬೆಳ್ಳಗೆ ಬಂದ ಮೇಲೆ ಆಟ ತೆರೆದುಕೊಂಡಿತು. ಮನೆಯ ಚಪ್ಪಟೆ ಟಿವಿಯಲ್ಲಿ ಆಡಿದಾಗ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಜಿಗಿದದ್ದಕ್ಕೂ ನಡುವೆ ಕಣ್ಣೆವೆಯಷ್ಟು ತಡವಿತ್ತು. ಮುಟ್ಟಿದ ಕ್ಷಣವೇ ಸರ್ವಸ್ವವಾದ ಆಟಕ್ಕೆ ಅಷ್ಟು ತಡವೂ ಹೆಚ್ಚೇ. ಡೊಂಬಿವಲಿಯ ನೆಂಟರ ಮನೆಯ ಅಟ್ಟದಿಂದ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಯನ್ನು ಇಳಿಸಿ ರಿಕ್ಷಾದಲ್ಲಿ ತಂದ ಮೇಲೆಯೇ ನನ್ನ ಬೆರಳಿನ ಹಳೆಯ ಲೆಕ್ಕ ಕೂಡಿಬಂತು.

ಇಷ್ಟೆಲ್ಲ ಪಾಡು ಪಡುವ ಬದಲು ಹಣ ಕೊಟ್ಟು ಅಧಿಕೃತ ಪ್ರತಿ ಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು. ಸಿನಿಮಾ ಆಧರಿಸಿದ ಆಟಗಳ ಸಂಕಟ ಇರುವುದು ಅಲ್ಲಿಯೇ. ಪಾತ್ರದ ಹಕ್ಕು ಒಬ್ಬರದು, ಸಿನಿಮಾದ ಹಕ್ಕು ಇನ್ನೊಬ್ಬರದು, ಆಟದ ಪ್ರೋಗ್ರಾಮ್ ಮತ್ತೊಬ್ಬರದು. ಪರವಾನಗಿಯ ಅವಧಿ ಮುಗಿದ ಮೇಲೆ ಮೂವರೂ ಒಟ್ಟಿಗೆ ಕೂತು ಒಪ್ಪದ ಹೊರತು ಮರುಬಿಡುಗಡೆ ಆಗುವುದಿಲ್ಲ. ಜೇಮ್ಸ್ ಬಾಂಡ್ ಸಿನಿಮಾ ಆಧರಿಸಿ 1997ರಲ್ಲಿ ಬಂದು ಜಗತ್ತೇ ಮೆಚ್ಚಿದ ‘ಗೋಲ್ಡನ್‌ಐ’ ಆಟದ ಮೂಲರೂಪ ಹೊಸ ಯಂತ್ರಗಳಿಗೆ ಅಧಿಕೃತವಾಗಿ ಬರಲು 2023ರ ಜನವರಿಯವರೆಗೆ ಕಾಯಬೇಕಾಯಿತು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ಕಳೆದುಕೊಳ್ಳುವುದೆಂದರೆ ಏನೆಂದು ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು, ಅದರ ಚಿತ್ರೀಕರಣ ನಡೆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಅದು ತೆರೆಕಂಡ ಮೂವತ್ತು ವರ್ಷಗಳ ಮೇಲೆ, 1964ರಲ್ಲಿ, ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿತು. ಸಿನಿಮಾ ಎಂದರೆ ಪೋಲಿ ಹುಡುಗರ ಚಟ ಎಂದು ದೊಡ್ಡವರು ಮುಖ ತಿರುಗಿಸಿದ ಕಾಲದಲ್ಲಿ ಅದನ್ನು ಕಾಪಿಡಬೇಕೆಂದು ಯಾರಿಗೂ ತೋಚಲಿಲ್ಲ. ವಿಡಿಯೊ ಗೇಮ್ ವಿಷಯದಲ್ಲಿ ನಾವೀಗ ಅದೇ ಜಾಗದಲ್ಲಿ ನಿಂತಿದ್ದೇವೆ. ನೆನಪಿಡುವಂಥದ್ದು ಒಂದೂ ಇಲ್ಲ ಎಂದು ಪತ್ರಿಕೆಯಲ್ಲಿ ಅಚ್ಚಾದ ಮಾತು ನನಗೆ ಚುಚ್ಚಿದ್ದು ಇದೇ ಕಾರಣಕ್ಕೆ. ಆ ಮಾತನ್ನು ಓದಿದ ಮನೆಯವರು ಅಟ್ಟದ ಮೇಲಿನ ಟಿವಿ ಗೇಮನ್ನು ನಾಳೆಯೇ ಗುಜರಿಯವನಿಗೆ ಕೊಟ್ಟುಬಿಡುತ್ತಾರೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಪುರವಣಿಯಲ್ಲಿ ಪ್ರತಿ ವಾರ ಹೊಸ ಸಿನಿಮಾಗಳ ವಿಮರ್ಶೆಗೆ ಅರ್ಧ ಪುಟ ಮೀಸಲಿಡುತ್ತೀರಿ. ತಿಂಗಳಿಗೊಮ್ಮೆಯಾದರೂ ಅದರಲ್ಲಿ ಕಾಲು ಭಾಗವನ್ನು ಒಂದು ಆಟದ ವಿಮರ್ಶೆಗೆ ಕೊಡಿ. ಹೊಸದಿರಲಿ, ಹಳೆಯದಿರಲಿ, ಆಡಿ ನೋಡಿದವರಿಂದಲೇ ಬರೆಸಿ. ಕನ್ನಡದಲ್ಲಿ ಆಟದ ಕುರಿತು ಬರೆಯಲು ಮಾತು ಸಾಲದು ಎಂಬ ಅಳುಕು ಬೇಡ. ಜಿಗಿತ, ಹಂತ, ಸರದಿ, ಪಟ್ಟು, ಗುರಿ, ಇವೆಲ್ಲ ನಮ್ಮ ಬೀದಿಯ ಮತ್ತು ಗರಡಿಮನೆಯ ಮಾತುಗಳೇ.

ಇನ್ನು ಲೇಖಕರಿಗೆ: ತಮ್ಮ ಮೇಲೆ ನನಗೆ ಸಿಟ್ಟಿಲ್ಲ. ತಾವು ಒಪ್ಪುವುದಾದರೆ, ಪತ್ರಿಕಾ ಕಚೇರಿಯಲ್ಲಿಯೇ ಆಗಲಿ, ಮಾಟುಂಗದ ಯಾವುದಾದರೂ ಸಂಘದ ಕೋಣೆಯಲ್ಲಿಯೇ ಆಗಲಿ, ಆ ಯಂತ್ರವನ್ನೂ ಪಿಕ್ಚರ್ ಟ್ಯೂಬಿನ ಟಿವಿಯನ್ನೂ ನಾನೇ ಹೊತ್ತು ತಂದು ಜೋಡಿಸಿಕೊಡುತ್ತೇನೆ. ಮೊದಲ ಹಂತದ ಆ ಎರಡು ಗೋಡೆಗಳ ನಡುವೆ ತಾವು ಒಂದು ಸಲ ಮೇಲೇರಿ ನೋಡಬೇಕು. ಗೋಡೆ ಮುಟ್ಟಿದ ಕೂಡಲೇ ಒತ್ತಬೇಕು, ಅದನ್ನು ಹೇಳಿಕೊಡಲು ನಾನು ಪಕ್ಕದಲ್ಲೇ ಇರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಚೆಂಬೂರು, ಮುಂಬೈ